ಪೆರುಮಾಳ್ ಕಂಡನೋ, ಕೇಳಿದನೋ?

(ಮಂಗಳೂರಿನಲ್ಲಿ ಹೆತ್ತವರು ಮತ್ತು ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದು ನಮಗೆ ಕೊಡಲಾಗಿರುವ ವಿಷಯ ತುಸು ಕಠಿಣವಾದುದು. ಧಾರ್ಮಿಕ ಗ್ರಂಥಗಳನ್ನು ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ ಮಾಡುವಾಗ ‘ಇದು ಪವಾಡದಿಂದ ನಡೆಯಿತು’ ಎಂಬ ಉತ್ತರಕ್ಕೆ ಅಲ್ಲಿ ಸ್ಥಾನವಿದೆಯೇ? ಒಂದು ಕಾಲದಲ್ಲಿ ಇದು ಕೆಲವೇ ವಿದ್ವಾಂಸರ ನಡುವಿನ ಚರ್ಚೆಯಾಗಿತ್ತು. ಇಂದು ಹಾಗಿಲ್ಲ. ನಮ್ಮ ಮನೆಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಇತಿಹಾಸದಲ್ಲೂ ಕನ್ನಡದಲ್ಲೂ ಎಂ.ಎ. ಮಾಡುತ್ತಿದ್ದಾರೆ, ಸಂಶೋಧನೆಗೆ ನೋಂದಾಯಿಸಿಕೊಳ್ಳುತ್ತಿದ್ದಾರೆ. ಅವರು ಪ್ರಬಂಧಕ್ಕೆ ವಿಷಯ ಹುಡುಕುವಾಗ ಮೊದಲು ನೆನಪಾಗುವುದು ನಮ್ಮದೇ ಕರಾವಳಿಯ ಮುಸ್ಲಿಮರ ಇತಿಹಾಸ. ಆಗ ಮನೆಯಲ್ಲಿ ಹೇಳುವ ಕತೆಗೂ ಮಾರ್ಗದರ್ಶಕರು ಕೇಳುವ ಪುರಾವೆಗೂ ನಡುವೆ ಅವರು ಸಿಕ್ಕಿಬೀಳುತ್ತಾರೆ. ಕತೆಯನ್ನು ಬಿಟ್ಟರೆ ಈಮಾನಿಗೆ ಕುಂದು ಬರುತ್ತದೆಯೇ, ಹಿಡಿದರೆ ಪ್ರಬಂಧ ತಿರಸ್ಕೃತವಾಗುತ್ತದೆಯೇ ಎಂಬ ಅಳುಕು ಅವರದು. ಹೆತ್ತವರ ಅಳುಕು ಇನ್ನೂ ದೊಡ್ಡದು.

ಆದ್ದರಿಂದ ದೂರದ ಉದಾಹರಣೆಗಳನ್ನು ಬದಿಗಿಟ್ಟು, ಇಲ್ಲಿಂದ ಸ್ವಲ್ಪ ದೂರದಲ್ಲೇ ಇರುವ ಬಂದರಿನಿಂದ ಆರಂಭಿಸೋಣ.

ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಯ ಸ್ಥಾಪನೆಯ ಕತೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಮಲಬಾರಿನ ರಾಜ ಚೇರಮಾನ್ ಪೆರುಮಾಳ್ ಒಂದು ರಾತ್ರಿ ಚಂದ್ರ ಎರಡಾಗಿ ಸೀಳಿದುದನ್ನು ಕಂಡ. ಆಮೇಲೆ ಬಂದ ಅರಬ್ ಯಾತ್ರಿಕರಿಂದ ಅದರ ಅರ್ಥ ತಿಳಿದು ಮಕ್ಕಾಕ್ಕೆ ಹೊರಟ, ಪ್ರವಾದಿವರ್ಯರನ್ನು(ಸ) ಭೇಟಿಯಾಗಿ ಇಸ್ಲಾಮ್ ಸ್ವೀಕರಿಸಿದ. ಮರಳುವ ದಾರಿಯಲ್ಲಿ ತೀರಿಕೊಂಡ. ಅವನು ಕೊಟ್ಟ ಪತ್ರದೊಂದಿಗೆ ಮಾಲಿಕ್ ದೀನಾರ್ ಮತ್ತು ಸಂಗಡಿಗರು ಬಂದು ಕೊಡುಂಗಲ್ಲೂರು, ಕೊಲ್ಲಂ, ಏಳಿಮಲೆ, ಕಾಸರಗೋಡು, ಮಂಗಳೂರು, ಬಾರ್ಕೂರು ಮುಂತಾದ ಕಡೆಗಳಲ್ಲಿ ಮಸೀದಿಗಳನ್ನು ಕಟ್ಟಿದರು. ಮಂಗಳೂರಿನ ಮಸೀದಿಗೆ ಹೇಳುವ ವರ್ಷ ಕ್ರಿ.ಶ. 644, ಕೊಡುಂಗಲ್ಲೂರಿನ ಮಸೀದಿಗೆ 629.

ಈ ಕತೆಗೆ ಲಿಖಿತ ಆಕರಗಳಿವೆ. ‘ಕಿಸ್ಸತು ಶಕರ್ವತಿ ಫರ್ಮಾದ್’ ಎಂಬ ಅರಬಿ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಶಕರ್ವತಿ ಎಂದರೆ ಚಕ್ರವರ್ತಿ, ಫರ್ಮಾದ್ ಎಂದರೆ ಪೆರುಮಾಳ್. ನಮ್ಮ ಕರಾವಳಿಯ ಪದಗಳು ಅರಬಿಯ ಬಾಯಲ್ಲಿ ಹೀಗೆ ರೂಪ ಬದಲಿಸಿವೆ. ಇದನ್ನು ಬರೆದವರ ಹೆಸರು ಅದರಲ್ಲಿಲ್ಲ. ರಾಜನು ಚಂದ್ರ ಸೀಳಿದುದನ್ನು ಸ್ವತಃ ಕಂಡನೆಂದು ಹೇಳುವ ಗ್ರಂಥ ಇದು.

ಎರಡನೆಯ ಆಕರ ಹೆಚ್ಚು ಪ್ರಸಿದ್ಧ. ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮ್ 16ನೇ ಶತಮಾನದ ಉತ್ತರಾರ್ಧದಲ್ಲಿ ಅರಬಿಯಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’. ಪೋರ್ಚುಗೀಸರ ದೌರ್ಜನ್ಯದ ಕಾಲದಲ್ಲಿ ಬರೆದ ಈ ಕೃತಿ ನಮ್ಮ ವಿಜಾಪುರದ ಅಲಿ ಆದಿಲ್ ಶಾಹನಿಗೆ ಅರ್ಪಿತವಾದುದು. ಗ್ರಂಥಕರ್ತರು ಶಾಫಿಈ ಫಿಕ್ಹ್‌ನ ಮಹಾ ವಿದ್ವಾಂಸರು. ಅವರ ‘ಫತ್ಹುಲ್ ಮುಈನ್’ ಇಂದಿಗೂ ನಮ್ಮ ದರ್ಸ್‌ಗಳಲ್ಲಿ ಪಾಠವಾಗುತ್ತಿದೆ. ಅಂದರೆ ಇವರನ್ನು ಯಾರೂ ನಾಸ್ತಿಕರೆಂದೋ ಪಾಶ್ಚಾತ್ಯರ ಬಾಲಬಡುಕರೆಂದೋ ಕರೆಯುವಂತಿಲ್ಲ.

ಅವರು ಏನು ಬರೆದರು? ಸಿಲೋನಿನಲ್ಲಿ ಆದಮರ(ಅ) ಪಾದದ ಗುರುತನ್ನು ಸಂದರ್ಶಿಸಲು ಹೊರಟಿದ್ದ ಬಡ ಯಾತ್ರಿಕರ ಒಂದು ಗುಂಪು ಕೊಡುಂಗಲ್ಲೂರಿಗೆ ಬಂದಿತು. ಅವರ ನಡುವಿನ ಶೈಖ್ ಒಬ್ಬರು ರಾಜನಿಗೆ ಪ್ರವಾದಿಯವರ(ಸ) ಕುರಿತೂ ಚಂದ್ರ ಸೀಳಿದ ಪವಾಡದ ಕುರಿತೂ ಹೇಳಿದರು. ಅದು ರಾಜನ ಹೃದಯಕ್ಕೆ ತಟ್ಟಿತು. ಗಮನಿಸಿರಿ, ಇಲ್ಲಿ ರಾಜ ಚಂದ್ರ ಸೀಳಿದುದನ್ನು ಕಂಡದ್ದಲ್ಲ, ಕೇಳಿದ್ದು. ಝೈನುದ್ದೀನರು ಅಷ್ಟಕ್ಕೇ ನಿಲ್ಲುವುದಿಲ್ಲ. ಈ ಘಟನೆಯ ಖಚಿತ ವರ್ಷ ತಿಳಿದಿಲ್ಲವೆಂದೂ, ಬಹುಶಃ ಹಿಜರಿ 200ರ ಬಳಿಕ ನಡೆದಿರಬೇಕೆಂದೂ ಹೇಳುತ್ತಾರೆ. ರಾಜನು ಪ್ರವಾದಿಯವರ(ಸ) ಕಾಲದವನು, ಚಂದ್ರ ಸೀಳಿದುದನ್ನು ರಾತ್ರಿ ಕಂಡು ಹೊರಟವನು ಎಂದು ಮಲಬಾರಿನ ಮುಸ್ಲಿಮರಲ್ಲಿ ಹಬ್ಬಿರುವ ಮಾತಿನಲ್ಲಿ ಹುರುಳಿಲ್ಲವೆಂದು ಬರೆಯುತ್ತಾರೆ. ಹಿಜರಿ 200 ಎಂದರೆ ಕ್ರಿ.ಶ. 815ರ ಸುಮಾರು.

ಝೈನುದ್ದೀನರು ಚಂದ್ರ ಸೀಳಿದ ಪವಾಡವನ್ನು ನಿರಾಕರಿಸಿದರೇ? ಖಂಡಿತ ಇಲ್ಲ. ಪವಿತ್ರ ಕುರ್‌ಆನಿನ ಅಲ್‌ಕಮರ್ ಅಧ್ಯಾಯದ ಆರಂಭದಲ್ಲೇ ಅದರ ಪ್ರಸ್ತಾಪವಿದೆ, ಸಹೀಹ್ ಹದೀಸ್‌ಗಳಲ್ಲಿ ಅದರ ವರದಿಯಿದೆ. ಅದು ಅವರ ವಿಶ್ವಾಸದ ಭಾಗ. ಆದರೆ ‘ಮಲಬಾರಿನ ಒಬ್ಬ ರಾಜ ಅದನ್ನು ಕಂಡು ಮುಸ್ಲಿಮನಾದ’ ಎಂಬುದು ಇತಿಹಾಸದ ಹೇಳಿಕೆ, ಅದಕ್ಕೆ ಸಾಕ್ಷ್ಯ ಬೇಕು. ಪವಾಡ ಸತ್ಯವಾದ ಮಾತ್ರಕ್ಕೆ ಪವಾಡದ ಹೆಸರಿನಲ್ಲಿ ಹೇಳಲಾದ ಪ್ರತಿಯೊಂದು ಕತೆಯೂ ಸತ್ಯವಾಗುವುದಿಲ್ಲ. 440 ವರ್ಷಗಳ ಹಿಂದೆ ಪೊನ್ನಾನಿಯ ಪಳ್ಳಿಯಲ್ಲಿ ಕುಳಿತು ಬರೆದ ಆಲಿಮರಿಗೆ ಈ ವ್ಯತ್ಯಾಸ ತಿಳಿದಿತ್ತು.

ಹಾಗಾದರೆ ಇತಿಹಾಸಕಾರರ ಬಳಿ ಏನಿದೆ? ಕ್ರಿ.ಶ. 849ರ ಕೊಲ್ಲಂನ ತರಿಸಾಪಳ್ಳಿ ತಾಮ್ರಪಟ ಇದೆ. ಅದು ಒಂದು ಕ್ರೈಸ್ತ ಇಗರ್ಜಿಗೆ ಕೊಟ್ಟ ದಾನಪತ್ರ. ಅದಕ್ಕೆ ಸಾಕ್ಷಿ ಹಾಕಿದವರಲ್ಲಿ ಕೂಫಿ ಅರಬಿ ಲಿಪಿಯಲ್ಲಿ ಸಹಿ ಮಾಡಿದ ಮುಸ್ಲಿಮರಿದ್ದಾರೆ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ಕಂಚಿನ ಕಾರ್ಖಾನೆ ನಡೆಸಿದ ಟ್ಯುನೀಶಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದ ಗೆನಿಝಾ ಸಂಗ್ರಹದಲ್ಲಿ ದೊರೆತಿವೆ. ಆ ಕಾಲದ ನಮ್ಮ ಬಂದರಿನ ವ್ಯಾಪಾರ, ಅಲ್ಲಿ ಬೆರೆತ ಧರ್ಮಗಳವರ ಬದುಕು ಅದರಲ್ಲಿ ಕಣ್ಣಿಗೆ ಕಟ್ಟಿದಂತಿದೆ. 1340ರ ದಶಕದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತಾ, ಊರಿನ ಅಂಚಿನ ಬಡಾವಣೆಯಲ್ಲಿ ಸುಮಾರು 4,000 ಮುಸ್ಲಿಮರಿರುವರೆಂದೂ, ಬದ್ರುದ್ದೀನ್ ಅಲ್‌ಮಅ್‌ಬರಿ ಎಂಬವರು ಅಲ್ಲಿನ ಖಾಝಿಯೆಂದೂ ಬರೆದಿದ್ದಾನೆ. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತು, ವರ್ತಕರು ಬೇಕಾದ ಕಾರಣ ಅರಸನೇ ಅದನ್ನು ಪರಿಹರಿಸುತ್ತಿದ್ದ ಎಂಬ ಮಾತೂ ಅಲ್ಲಿದೆ. ಅದನ್ನು ಓದಿದಾಗ ಏಳು ಶತಮಾನಗಳಲ್ಲಿ ಊರು ಎಷ್ಟು ಬದಲಾಯಿತೆಂಬ ವಿಚಾರ ನಮ್ಮ ಮನಸ್ಸಿನಲ್ಲಿ ಹಾದುಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಸಮುದಾಯ 629 ಮತ್ತು 644ರ ಇಸವಿಗಳಿಗೆ ಅಷ್ಟೊಂದು ಬಿಗಿಯಾಗಿ ಅಂಟಿಕೊಂಡಿರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ, ಭಯವೂ ಕಾರಣ. ‘ನೀವು ಹೊರಗಿನವರು, ಆಕ್ರಮಣಕಾರರ ಸಂತಾನ’ ಎಂದು ಸಭೆಗಳಲ್ಲಿ ಅಬ್ಬರಿಸುವವರಿಗೆ ‘ನಾವು 1,400 ವರ್ಷಗಳಿಂದ ಇಲ್ಲಿದ್ದೇವೆ, ಇಲ್ಲಿನ ರಾಜನೇ ನಮ್ಮನ್ನು ಕರೆದ’ ಎಂಬುದು ಸಿದ್ಧ ಉತ್ತರ. ಅಧಿಕಾರದಲ್ಲಿರುವವರಿಗೂ ಈ ಕತೆ ಬೇಕಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ರಿಯಾದ್‌ನಲ್ಲಿ ಸೌದಿ ದೊರೆ ಸಲ್ಮಾನ್‌ರಿಗೆ ಕೊಟ್ಟ ಉಡುಗೊರೆ ಚೇರಮಾನ್ ಮಸೀದಿಯ ಚಿನ್ನಲೇಪಿತ ಪ್ರತಿಕೃತಿಯಾಗಿತ್ತು. ಆದರೆ ಪವಾಡದ ಮೇಲೆ ಕಟ್ಟಿದ ವಾದವನ್ನು ಎದುರಾಳಿ ಒಂದೇ ಪ್ರಶ್ನೆಯಿಂದ ಕೆಡವಬಲ್ಲ. ತಾಮ್ರಪಟದ ಸಹಿಯನ್ನು ಕೆಡವಲಾರ. ಇನ್ನು ನಮ್ಮ ಪೌರತ್ವದ ವಿಷಯ. ಅದು 1950ರಲ್ಲಿ ಜಾರಿಗೆ ಬಂದ ಸಂವಿಧಾನದಿಂದ ಬಂದುದೇ ಹೊರತು ಪೆರುಮಾಳನ ಪತ್ರದಿಂದ ಬಂದುದಲ್ಲ. ಮಸೀದಿ 7ನೇ ಶತಮಾನದ್ದಾದರೂ 9ನೆಯದ್ದಾದರೂ ಅದರಲ್ಲಿ ಒಂದಂಗುಲವೂ ಹೆಚ್ಚುಕಡಿಮೆಯಾಗುವುದಿಲ್ಲ.

ಚಂದ್ರನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಚಂದ್ರನ ಮೇಲ್ಮೈಯಲ್ಲಿರುವ ಒಂದು ಉದ್ದನೆಯ ಬಿರುಕಿನ ಚಿತ್ರ ನಮ್ಮ ಯುವಕರ ಮೊಬೈಲ್‌ಗಳಲ್ಲಿ ಓಡಾಡುತ್ತಿರುತ್ತದೆ. ‘ನಾಸಾ ದೃಢೀಕರಿಸಿದೆ’ ಎಂಬ ಒಕ್ಕಣೆ ಬೇರೆ. ಅದು ರಿಮಾ ಅರಿಯಾಡೇಯಸ್ ಎಂಬ ಕಣಿವೆ, ಸುಮಾರು 300 ಕಿಲೋಮೀಟರ್ ಉದ್ದದ್ದು. 1969ರಲ್ಲಿ ಅಪೋಲೋ 10ರಿಂದ ತೆಗೆದ ಚಿತ್ರ. ಅದು ಚಂದ್ರನನ್ನು ಸುತ್ತಿ ಬಂದ ಸೀಳೂ ಅಲ್ಲ, ನಾಸಾ ಹಾಗೆ ಹೇಳಿದ್ದೂ ಇಲ್ಲ. ಕುರ್‌ಆನಿನ ಮಾತನ್ನು ನಂಬುವವನಿಗೆ ನಾಸಾದ ಮುದ್ರೆ ಏಕೆ ಬೇಕು? ನಾಸಾದ ಮುದ್ರೆ ಬಿದ್ದ ಮೇಲೆಯೇ ನಂಬುವುದಾದರೆ ಅದು ಕುರ್‌ಆನಿನ ಮೇಲಿನ ವಿಶ್ವಾಸವೋ ನಾಸಾದ ಮೇಲಿನ ವಿಶ್ವಾಸವೋ?

ಪ್ರವಾದಿವರ್ಯರ(ಸ) ಬದುಕಿನಲ್ಲೇ ಇದಕ್ಕೆ ಮಾದರಿಯಿದೆ. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣದಿಂದಲೇ ಸೂರ್ಯ ಮಂಕಾದನೆಂದು ಜನ ಮಾತಾಡಿಕೊಂಡರು. ಒಂದು ಕೂಟವನ್ನು ಕಟ್ಟುವ ನಾಯಕನಿಗೆ ಇದಕ್ಕಿಂತ ಅನುಕೂಲವಾದ ಪವಾಡ ಬೇರೆ ಬೇಕೇ? ಆದರೆ ಅವರು ಎದ್ದು ನಿಂತು, ಸೂರ್ಯ ಚಂದ್ರರು ಅಲ್ಲಾಹನ ಎರಡು ನಿದರ್ಶನಗಳು, ಯಾರದೇ ಹುಟ್ಟು ಸಾವಿಗಾಗಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂಬ ಆಶಯದ ಮಾತನ್ನಾಡಿದರು. ಬುಖಾರಿಯಲ್ಲಿ ಈ ವರದಿಯಿದೆ. ಕಣ್ಣೀರು ಆರದ ತಂದೆಯೊಬ್ಬರು ತಮ್ಮ ಪರವಾಗಿಯೇ ಹುಟ್ಟಿಕೊಂಡ ಅಲೌಕಿಕ ವ್ಯಾಖ್ಯಾನವನ್ನು ತಾವೇ ತಳ್ಳಿಹಾಕಿದರು.

ಅನಂತರದ ಹದೀಸ್ ವಿದ್ವಾಂಸರು ನಡೆದದ್ದೂ ಇದೇ ದಾರಿಯಲ್ಲಿ. ವರದಿಗಾರ ಸಜ್ಜನನೆಂಬ ಕಾರಣಕ್ಕೆ ಅವನ ವರದಿಯನ್ನು ಅವರು ಒಪ್ಪಲಿಲ್ಲ. ಭಕ್ತಿಯ ಭರದಲ್ಲಿ ಸಾಧು ಮನುಷ್ಯರ ನಾಲಿಗೆಯ ಮೇಲೆ ಸುಳ್ಳು ಅರಿವಿಲ್ಲದೆ ಹರಿಯುತ್ತದೆಂಬ ಎಚ್ಚರಿಕೆ ಇಮಾಮ್ ಮುಸ್ಲಿಮರ ಗ್ರಂಥದ ಮುನ್ನುಡಿಯಲ್ಲೇ ಇದೆ. ಯಾರಾದರೂ ‘ಕನಸಿನಲ್ಲಿ ಪ್ರವಾದಿ(ಸ) ನನಗೆ ಹೀಗೆ ಹೇಳಿದರು’ ಎಂದರೆ ಅದರಿಂದ ಧರ್ಮವಿಧಿ ಸಾಬೀತಾಗದೆಂದು ಇಮಾಮ್ ನವವಿ ಬರೆದರು. 1377ರಲ್ಲಿ ‘ಮುಕದ್ದಿಮ’ ಬರೆದ ಇಬ್ನ್ ಖಲ್ದೂನ್, ಮೂಸಾರ(ಅ) ಸೇನೆಯಲ್ಲಿ ಆರು ಲಕ್ಷ ಯೋಧರಿದ್ದರೆಂಬ ಹಳೆಯ ಇತಿಹಾಸಕಾರರ ಲೆಕ್ಕವನ್ನು ಪ್ರಶ್ನಿಸಿದ. ಅಷ್ಟು ಜನ ಯಾವ ಬಯಲಿನಲ್ಲಿ ನಿಂತರು, ಒಂದು ತುದಿಯವರಿಗೆ ಇನ್ನೊಂದು ತುದಿಯ ಸುದ್ದಿ ತಿಳಿಯುವುದು ಹೇಗೆ ಎಂದು ಲೆಕ್ಕ ಹಾಕಿದ. ಅವನು ಪ್ರವಾದಿಗಳ ಪವಾಡಗಳನ್ನು ನಂಬಿದವನು, ಖಾಝಿಯಾಗಿ ತೀರ್ಪು ಕೊಟ್ಟವನು. ಆದರೂ ವರದಿಯನ್ನು ತೂಗುವಾಗ ಕೈಯಲ್ಲಿ ಹಿಡಿದ ತಕ್ಕಡಿ ಬೇರೆ.

ಈಗ ಇನ್ನೊಂದು ಮಗ್ಗುಲನ್ನು ನೋಡೋಣ. ಅಲೌಕಿಕ ವಿವರಣೆಗೆ ವಿದ್ವತ್ ಲೋಕದಲ್ಲಿ ಬಾಗಿಲು ತೆರೆದಿಡಬೇಕೆಂದು ವಾದಿಸುವವರು, ಆ ಬಾಗಿಲಿನಿಂದ ಮೊದಲು ಒಳಗೆ ಬಂದದ್ದು ಯಾರೆಂಬುದನ್ನು ನೆನಪಿಟ್ಟುಕೊಳ್ಳಬೇಕು. ಉತ್ತರ ಭಾರತದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ವಿಲಿಯಂ ಮ್ಯೂರ್ 1858ರಿಂದ 1861ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರವಾದಿ(ಸ)ಯವರ ಜೀವನ ಚರಿತ್ರೆಯನ್ನು ಪ್ರಕಟಿಸಿದ. ಅರಬಿ ಮೂಲಗಳನ್ನು ಓದಿದವನು, ಮುಂದೆ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಮುಖ್ಯಸ್ಥನೂ ಆದವನು. ಆದರೆ ದಿವ್ಯವಾಣಿಯ ಮೂಲವನ್ನು ವಿವರಿಸುವಲ್ಲಿ ಅವನು ಸೈತಾನನ ಪ್ರಭಾವದ ಸಾಧ್ಯತೆಯನ್ನು ಗಂಭೀರವಾಗಿ ಮುಂದಿಟ್ಟ. ಅದೂ ಒಂದು ಅಲೌಕಿಕ ವಿವರಣೆಯೇ ತಾನೇ? ಅವನ ಧರ್ಮಕ್ಕೆ ಸರಿಹೊಂದುವಂಥದ್ದು ಅಷ್ಟೆ. ಇದನ್ನೋದಿ ಮನನೊಂದ ಸರ್ ಸಯ್ಯಿದ್ ಅಹ್ಮದ್ ಖಾನ್ 1869ರಲ್ಲಿ ಸಾಲ ಮಾಡಿ ಲಂಡನ್ನಿಗೆ ಹೋದರು, ಅಲ್ಲಿನ ಗ್ರಂಥಾಲಯಗಳಲ್ಲಿ ಕುಳಿತು ಆಕರಗಳನ್ನು ಪರಿಶೀಲಿಸಿ 1870ರಲ್ಲಿ ಉತ್ತರ ಪ್ರಕಟಿಸಿದರು. ಮ್ಯೂರ್ ಯಾವ ವರದಿಗಳನ್ನು ಅವಲಂಬಿಸಿದ, ಅವುಗಳ ಬಲಾಬಲವೇನು ಎಂಬುದು ಅವರ ಉತ್ತರದ ಬೆನ್ನೆಲುಬು. ಪವಾಡಗಳ ಕುರಿತ ಸರ್ ಸಯ್ಯಿದರ ಸ್ವಂತ ವ್ಯಾಖ್ಯಾನಗಳನ್ನು ಬಹುಪಾಲು ಉಲಮಾಗಳು ಒಪ್ಪಲಿಲ್ಲ, ನಮಗೂ ಅವು ಎಲ್ಲ ಕಡೆ ಒಪ್ಪಿಗೆಯಿಲ್ಲ. ಆದರೆ ಸೈತಾನನ ವಾದಕ್ಕೆ ಎದುರಾಗಿ ಅವರು ಇಟ್ಟದ್ದು ಆಕರ ವಿಮರ್ಶೆಯನ್ನು, ಆಕ್ರೋಶವನ್ನಲ್ಲ.

ನಮ್ಮ ತುಳುನಾಡಿನಲ್ಲೂ ಹೀಗೇ ಆಯಿತು. ನ್ಯಾಯಾಧೀಶ ಎ. ಸಿ. ಬರ್ನೆಲ್ ಸಂಗ್ರಹಿಸಿದ ತುಳು ಪಾಡ್ದನಗಳು ಅವನ ಮರಣಾನಂತರ 1894ರಿಂದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ಅವುಗಳ ತಲೆಬರಹದಲ್ಲಿ ‘ತುಳುವರ ಪಿಶಾಚಾರಾಧನೆ’ ಎಂಬ ಅರ್ಥದ ಮಾತಿತ್ತು. ಪಠ್ಯವನ್ನು ಓದುವ ಮೊದಲೇ ತೀರ್ಪು. ಅದರೊಂದಿಗೆ 1998ರಲ್ಲಿ ಫಿನ್‌ಲೆಂಡಿನ ಲೌರಿ ಹಾಂಕೊ ನಮ್ಮ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಡನೆ ಪ್ರಕಟಿಸಿದ ಸಿರಿ ಮಹಾಕಾವ್ಯವನ್ನು ಹೋಲಿಸಿ ನೋಡಿರಿ. ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳು ಅದರಲ್ಲಿವೆ. ಕಾವ್ಯದಲ್ಲಿ ಸಿರಿ ಅಡಿಕೆಯ ಹಿಂಗಾರದಿಂದ ಹುಟ್ಟುತ್ತಾಳೆ. ಹಿಂಗಾರದಿಂದ ಮಗು ಹುಟ್ಟಿತೆಂದು ಆ ವಿದ್ವಾಂಸರು ಪ್ರತಿಪಾದಿಸಲೂ ಇಲ್ಲ, ಅಪಹಾಸ್ಯ ಮಾಡಲೂ ಇಲ್ಲ. ಕಾವ್ಯ ಹೀಗೆನ್ನುತ್ತದೆ, ಹಾಡುವವರು ಹೀಗೆ ಬಾಳುತ್ತಾರೆ ಎಂದು ದಾಖಲಿಸಿದರು.

ಕುರ್‌ಆನಿನ ಅಧ್ಯಯನದಲ್ಲೂ ಈ ಪದ್ಧತಿ ಬಂದಿದೆ. ಸ್ಕಾಟ್ಲೆಂಡಿನ ಮೊಂಟ್‌ಗೊಮರಿ ವಾಟ್ ಒಬ್ಬ ಕ್ರೈಸ್ತ ಪಾದ್ರಿ. 1953ರಲ್ಲಿ ಪ್ರವಾದಿ(ಸ)ಯವರ ಮಕ್ಕಾ ಜೀವನದ ಕುರಿತು ಗ್ರಂಥ ಬರೆದಾಗ ಅವರು ಮೊದಲೇ ಒಂದು ನಿಯಮ ಹಾಕಿಕೊಂಡರು. ‘ದೇವನು ಹೇಳುತ್ತಾನೆ’ ಎಂದೂ ಬರೆಯುವುದಿಲ್ಲ, ‘ಮುಹಮ್ಮದ್ ಹೇಳುತ್ತಾರೆ’ ಎಂದೂ ಬರೆಯುವುದಿಲ್ಲ, ‘ಕುರ್‌ಆನ್ ಹೇಳುತ್ತದೆ’ ಎಂದಷ್ಟೇ ಬರೆಯುವುದು. ಮ್ಯೂರ್‌ನಿಂದ ವಾಟ್‌ವರೆಗಿನ ಈ ಒಂದು ಶತಮಾನದ ದಾರಿಯನ್ನು ಸವೆಸಿದ್ದು ಯಾವುದು? ವಿದ್ವಾಂಸನು ತನ್ನ ಧರ್ಮದ ದೇವರನ್ನೂ ಸೈತಾನನನ್ನೂ ಪುರಾವೆಯಾಗಿ ಬಳಸಬಾರದೆಂಬ ನಿಯಮವೇ. ನಮ್ಮ ಮಕ್ಕಳು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಹಿಂದೂ, ಕ್ರೈಸ್ತ, ಜೈನ ಸಹಪಾಠಿಗಳೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತಿದ್ದಾರೆ. ಅಲ್ಲಿ ಮುಂದಿಡುವ ಕಾರಣ ಪಕ್ಕದಲ್ಲಿ ಕುಳಿತವನೂ ಪರೀಕ್ಷಿಸಬಹುದಾದ ಕಾರಣವಾಗಿರಬೇಕು. ಮದ್ರಸದಲ್ಲಿ ತಫ್ಸೀರ್ ಓದುವುದು, ಬಲ್ಮಠದ ದೈವಜ್ಞಾನ ಕಾಲೇಜಿನಲ್ಲಿ ಬೈಬಲ್ ಓದುವುದು ವಿಶ್ವಾಸದ ಒಳಗಿನ ವ್ಯಾಸಂಗ. ಅದರ ಘನತೆ ಅದಕ್ಕಿದೆ. ಸರಕಾರಿ ವಿಶ್ವವಿದ್ಯಾನಿಲಯದ ಬೆಂಚು ಬೇರೆ.

ಇನ್ನೊಬ್ಬರು ಈ ನಿಯಮವನ್ನು ಮುರಿದಾಗ ನಾವು ಜೋರಾಗಿಯೇ ಪ್ರತಿಭಟಿಸುತ್ತೇವೆ. 2015ರ ಜನವರಿಯಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಾಚೀನ ಭಾರತದ ವಿಮಾನಗಳ ಕುರಿತ ಪ್ರಬಂಧಕ್ಕೆ ಅವಕಾಶ ಕೊಟ್ಟಾಗ ನಮ್ಮವರೆಲ್ಲ ನಕ್ಕರು. ಆದರೆ ನಗುವುದಕ್ಕಿಂತ ಒಳ್ಳೆಯ ಕೆಲಸ ಬೆಂಗಳೂರಿನಲ್ಲಿ 1974ರಲ್ಲೇ ನಡೆದಿತ್ತು. ‘ವೈಮಾನಿಕ ಶಾಸ್ತ್ರ’ ಎಂಬ ಗ್ರಂಥ ಭರದ್ವಾಜ ಮಹರ್ಷಿಯಿಂದ ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಯವರಿಗೆ ಅತೀಂದ್ರಿಯವಾಗಿ ಒದಗಿತೆಂಬುದು ಹೇಳಿಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಋಷಿ ಬಂದರೋ ಇಲ್ಲವೋ ಎಂಬ ಚರ್ಚೆಗೆ ಹೋಗಲಿಲ್ಲ. ಗ್ರಂಥದ ಸಂಸ್ಕೃತ ಎಂಥದು, ಹಸ್ತಪ್ರತಿ ಯಾವಾಗಿನದು, ಚಿತ್ರಗಳಲ್ಲಿರುವ ಯಂತ್ರ ಹಾರಬಲ್ಲುದೇ ಎಂದು ನೋಡಿದರು. ಭಾಷೆ ಪ್ರಾಚೀನವಲ್ಲ, ಗ್ರಂಥ 20ನೇ ಶತಮಾನದ ಆದಿಭಾಗಕ್ಕಿಂತ ಹಳೆಯದಲ್ಲ, ಆ ವಿಮಾನಗಳು ಹಾರಲಾರವು ಎಂಬ ತೀರ್ಮಾನಕ್ಕೆ ಬಂದರು. ನಮ್ಮ ಪುಸ್ತಕ ಮಳಿಗೆಗಳಲ್ಲಿ ಪ್ರತಿಯೊಂದು ವೈಜ್ಞಾನಿಕ ಸಂಶೋಧನೆಯನ್ನೂ ಕುರ್‌ಆನಿನ ಒಂದೊಂದು ಸೂಕ್ತಕ್ಕೆ ಗಂಟುಹಾಕುವ ಪುಸ್ತಕಗಳು ರಾಶಿ ಬಿದ್ದಿವೆ. ಅವುಗಳನ್ನು ಇದೇ ತಕ್ಕಡಿಯಲ್ಲಿ ತೂಗಲು ನಾವು ತಯಾರಿದ್ದೇವೆಯೇ?

ಸಭೆಯಲ್ಲಿರುವ ಕೆಲವು ಹಿರಿಯರ ಮನಸ್ಸಿನಲ್ಲಿ ಒಂದು ಆಕ್ಷೇಪವಿರಬಹುದು. ದೇವನನ್ನು ತರಗತಿಯ ಹೊರಗೆ ನಿಲ್ಲಿಸುವ ಅಭ್ಯಾಸವಾದ ಮೇಲೆ ಮಕ್ಕಳು ಮನಸ್ಸಿನ ಹೊರಗೂ ನಿಲ್ಲಿಸುವುದಿಲ್ಲವೇ? ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ‘ಇದನ್ನು ಇತಿಹಾಸ ಹೇಳಲಾರದು’ ಎಂಬ ಮಾತಿನಿಂದ ‘ಇದು ನಡೆಯಲೇ ಇಲ್ಲ’ ಎಂಬ ಮಾತಿಗೆ ಸದ್ದಿಲ್ಲದೆ ಜಾರಿಬಿಡುವ ಅಧ್ಯಾಪಕರಿದ್ದಾರೆ. ಮೊದಲನೆಯದು ವಿಧಾನ, ಎರಡನೆಯದು ಒಂದು ಮತ. ಮ್ಯೂರ್‌ನ ಸಮಕಾಲೀನನಾದ ಅಲೋಯ್ಸ್ ಸ್ಪ್ರೆಂಗರ್ ವೈದ್ಯನೂ ಆಗಿದ್ದ. ಅವನು ಸೈತಾನನನ್ನು ಕೈಬಿಟ್ಟು ದಿವ್ಯವಾಣಿಗೆ ಉನ್ಮಾದರೋಗವೇ ಕಾರಣವೆಂದ. ಹನ್ನೆರಡು ಶತಮಾನಗಳ ಹಿಂದಿನ ವ್ಯಕ್ತಿಯ ನಾಡಿ ಹಿಡಿಯದೆ ರೋಗ ಹೇಳಿದ ಆ ವೈದ್ಯನ ಬರಹವೂ ವಿದ್ವತ್ತಲ್ಲ. ಅಲೌಕಿಕವನ್ನು ಪುರಾವೆಯಾಗಿ ತರಬಾರದೆಂಬ ನಿಯಮ ವಿಶ್ವಾಸಿಯನ್ನು ಕಟ್ಟಿಹಾಕುವಷ್ಟೇ ಬಿಗಿಯಾಗಿ ನಿರಾಕರಿಸುವವನನ್ನೂ ಕಟ್ಟಿಹಾಕಬೇಕು. ತರಗತಿಯಲ್ಲಿ ಅಂಥ ಮಾತು ಬಂದಾಗ ಎದ್ದು ನಿಂತು ‘ಇದು ಯಾವ ಆಕರದಿಂದ ತಿಳಿಯಿತು ಸರ್?’ ಎಂದು ಕೇಳುವ ಧೈರ್ಯವನ್ನು ಮಕ್ಕಳಿಗೆ ಕಲಿಸೋಣ. ಉತ್ತರಪತ್ರಿಕೆಯಲ್ಲಿ ಪವಾಡ ಬರೆದು ಬಾ ಎಂದು ಕಳುಹಿಸುವುದಕ್ಕಿಂತ ಇದು ಉಪಯುಕ್ತ.

ಸಮುದಾಯವೊಂದು ಈ ನಿಯಮವನ್ನು ಒಪ್ಪದಿದ್ದರೆ ಏನಾಗುತ್ತದೆಂಬುದನ್ನು ಕರ್ನಾಟಕ ಕಂಡಿದೆ. ಚನ್ನಬಸವಣ್ಣನವರು ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಮಗ. ಪ್ರಸಾದದಿಂದ ಅವರ ಜನನವಾಯಿತೆಂಬುದು ಸಂಪ್ರದಾಯದ ಕಥನ. ಧಾರವಾಡದ ಡಾ. ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ ಸಂಪುಟದ ಲೇಖನವೊಂದರಲ್ಲಿ ಆಕರಗಳನ್ನು ಪರಿಶೀಲಿಸಿ, ನಾಗಲಾಂಬಿಕೆಗೂ ದಲಿತ ಮೂಲದ ಶರಣ ಡೋಹರ ಕಕ್ಕಯ್ಯನವರಿಗೂ ವಿವಾಹ ಸಂಬಂಧವಿದ್ದಿರಬಹುದೆಂದು ಸೂಚಿಸಿದರು. ಜಾತಿಯನ್ನು ಮೀರಿದ ಶರಣ ಚಳವಳಿಗೆ ಇದು ಗೌರವ ತರುವ ಸಂಗತಿಯೆಂದು ಒಬ್ಬ ಸಂಶೋಧಕನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ 1989ರಲ್ಲಿ ದೊಡ್ಡ ಗದ್ದಲವೆದ್ದಿತು. ಧರ್ಮಗುರುಗಳ ಮುಂದೆ ಅವರು ತಮ್ಮ ಬರಹವನ್ನು ಹಿಂತೆಗೆದುಕೊಳ್ಳಬೇಕಾಯಿತು. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದೆನೆಂದೂ, ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯಾಗಿತ್ತೆಂದೂ ಅವರು ಬಳಿಕ ಹೇಳಿಕೊಂಡರು. 2015ರ ಆಗಸ್ಟ್ 30ರಂದು ಅವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ಕೊಲೆಯನ್ನು 1989ರ ವಿವಾದಕ್ಕೆ ನೇರವಾಗಿ ಜೋಡಿಸುವುದು ನ್ಯಾಯವಲ್ಲ. ನಾವು ನೋಡಬೇಕಾದದ್ದು 1989ನ್ನೇ. ಪ್ರಸಾದದ ಕಥನವನ್ನು ನಂಬುವ ಭಕ್ತನಿಂದ ಅದನ್ನು ಯಾರೂ ಕಸಿದುಕೊಂಡಿರಲಿಲ್ಲ. ಇತಿಹಾಸಕಾರ ಇತಿಹಾಸದ ಪ್ರಶ್ನೆಯನ್ನು ಕೇಳಿದ್ದರು, ಅದಕ್ಕೆ ಇನ್ನೊಂದು ಲೇಖನದಿಂದ ಉತ್ತರ ಕೊಡಬಹುದಿತ್ತು.

ಕಲಬುರ್ಗಿಯವರ ಪರವಾಗಿ ನಮ್ಮವರೂ ಮಾತಾಡಿದರು, ಒಳ್ಳೆಯದೇ. ಆದರೆ ಪೆರುಮಾಳನ ಚಂದ್ರನ ಕುರಿತು ಝೈನುದ್ದೀನ್ ಮಖ್ದೂಮರು ಬರೆದುದನ್ನೇ ನಾಳೆ ನಮ್ಮ ಮಗಳೊಬ್ಬಳು ಪ್ರಬಂಧದಲ್ಲಿ ಬರೆದರೆ ಜಮಾಅತಿನ ಸಭೆಯಲ್ಲಿ ಅವಳ ತಂದೆಯನ್ನು ಎಬ್ಬಿಸಿ ನಿಲ್ಲಿಸುತ್ತೇವೆಯೇ, ಅಥವಾ ಅವಳ ಪ್ರಬಂಧವನ್ನು ತರಿಸಿ ಓದುತ್ತೇವೆಯೇ? ಈ ಪ್ರಶ್ನೆಯನ್ನು ಇಲ್ಲಿರುವ ಜಮಾಅತ್ ಪದಾಧಿಕಾರಿಗಳ ಮುಂದೆಯೇ ಇಡುತ್ತಿದ್ದೇವೆ.

ಸುಧಾರಣೆಯ ಮಾತನಾಡುವ ನಮ್ಮಂಥವರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ರಚಿಸಿದ ‘ಮುಹ್ಯಿದ್ದೀನ್ ಮಾಲೆ’ ಅರಬಿ-ಮಲಯಾಳದ ಪ್ರಸಿದ್ಧ ಕೃತಿ. ಕೊಲ್ಲಂ ವರ್ಷ 782 ಎಂದು ಕೃತಿಯೇ ತನ್ನ ಕಾಲವನ್ನು ಹೇಳಿಕೊಂಡಿದೆ, ಅಂದರೆ 1607. ಬಗ್ದಾದಿನ ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ ಕರಾಮತ್‌ಗಳನ್ನು ಅದು ಕೊಂಡಾಡುತ್ತದೆ. ತಿಂದುಳಿದ ಕೋಳಿಯ ಮೂಳೆಗಳಿಗೆ ಜೀವ ಬಂದು ಕೋಳಿ ಕೂಗಿದ ಪ್ರಸಂಗ ಹಳಬರಿಗೆ ನೆನಪಿರಬಹುದು. ನಮ್ಮ ಬ್ಯಾರಿ ಮನೆಗಳಲ್ಲೂ ಮಗ್ರಿಬ್ ಬಳಿಕ ಇದನ್ನು ಹಾಡುತ್ತಿದ್ದರು. ‘ನಫೀಸತ್ ಮಾಲೆ’ಯನ್ನಂತೂ ಹೆರಿಗೆ ಸುಗಮವಾಗಲೆಂದು ಹಾಡುವ ವಾಡಿಕೆಯಿತ್ತು. ಅಲ್ಲಾಹನಲ್ಲದವರಲ್ಲಿ ಬೇಡುವುದನ್ನು ನಾವು ಒಪ್ಪುವುದಿಲ್ಲ, ಅದರ ವಿರುದ್ಧ ಬರೆಯುತ್ತಲೇ ಬಂದಿದ್ದೇವೆ. ಆದರೆ ‘ಇದೆಲ್ಲ ಅಂಧಶ್ರದ್ಧೆ’ ಎಂದು ಒಂದು ಸಾಲು ಬರೆದ ಮಾತ್ರಕ್ಕೆ ಅದು ಸಂಶೋಧನೆಯಾಗುವುದಿಲ್ಲ. ಅದು ನಮ್ಮ ಪ್ರವಚನ, ಪ್ರವಚನಕ್ಕೆ ವೇದಿಕೆಗಳಿವೆ. ಕೋಳಿ ನಿಜವಾಗಿಯೂ ಕೂಗಿತೆಂದು ಬರೆಯುವ ಭಕ್ತನೂ, ಕೂಗಲಿಲ್ಲವೆಂದು ನಗುವ ಸುಧಾರಕನೂ ಮಾಲೆಯನ್ನು ಅಧ್ಯಯನ ಮಾಡಿದಂತಾಗಲಿಲ್ಲ.

ಸಂಶೋಧಕಿಯ ಪ್ರಶ್ನೆಗಳು ಬೇರೆ ಇರುತ್ತವೆ. ಪೋರ್ಚುಗೀಸರ ಹಡಗುಗಳು ಕರಾವಳಿಯನ್ನು ಕಾಡುತ್ತಿದ್ದ ಕಾಲದಲ್ಲಿ ಬಗ್ದಾದಿನ ಶೈಖರು ಇಲ್ಲಿನ ಜನರ ನಾಲಿಗೆಗೆ ಬಂದದ್ದು ಹೇಗೆ? ಬಾಣಂತಿಯ ಕೋಣೆಯಲ್ಲಿ ಕುಳಿತ ಹೆಂಗಸರು ಯಾವ ಭಯಕ್ಕೆ ಆ ಹಾಡನ್ನು ಎದುರಾಗಿ ನಿಲ್ಲಿಸಿದ್ದರು? ಆಸ್ಪತ್ರೆಯಿಲ್ಲದ ಊರಿನಲ್ಲಿ ಹೆರಿಗೆಯೆಂದರೆ ಸಾವಿನ ಹೊಸ್ತಿಲು. ಆ ಭಯದ ಬಗ್ಗೆ ಸರಕಾರಿ ದಾಖಲೆಗಳು ಹೇಳುವುದು ಅಲ್ಪ, ಮಾಲೆ ಹೇಳುವುದು ಅಪಾರ. ಅಲೌಕಿಕದ ಮೇಲಿನ ನಂಬಿಕೆ ಅಧ್ಯಯನದ ವಸ್ತುವಾಗಬೇಕು. ಅಧ್ಯಯನದ ಉತ್ತರ ಅದಾಗಬಾರದು, ಅಷ್ಟೇ.

ಈ ಕೆಲಸಕ್ಕೆ ಆಕರಗಳು ಬೇಕು. ಮಾಲೆ, ಮೌಲಿದ್, ಬೈತ್‌ಗಳ ಹಳೆಯ ಪ್ರತಿಗಳು ಗ್ರಂಥಾಲಯಗಳಿಗಿಂತ ಹೆಚ್ಚಾಗಿ ನಮ್ಮ ಅಜ್ಜಿಯಂದಿರ ಪೆಟ್ಟಿಗೆಗಳಲ್ಲಿವೆ, ಅಟ್ಟದ ಮೇಲಿವೆ. ಕೆಲವು ಮನೆಗಳಲ್ಲಿ ಗೆದ್ದಲು ಹಿಡಿದಿವೆ, ಇನ್ನು ಕೆಲವು ಮನೆಗಳಲ್ಲಿ ‘ಇದೆಲ್ಲ ಬಿದ್‌ಅತ್’ ಎಂದು ಮೂಟೆ ಕಟ್ಟಿಟ್ಟಿದ್ದಾರೆ. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದ ಮೇಲೆ ಇವುಗಳನ್ನು ಕೇಳುವವರಿದ್ದಾರೆ. ಈ ರಜೆಯಲ್ಲಿ ಒಮ್ಮೆ ಅಟ್ಟ ಹತ್ತಿ ನೋಡಿರಿ. ಸಿಕ್ಕಿದ ಪುಸ್ತಕವನ್ನು ಸಂಶೋಧನೆ ಮಾಡುವ ಮಕ್ಕಳ ಕೈಗೆ ಕೊಡಿರಿ. ಅದು ಯಾರದಾಗಿತ್ತು, ಯಾವ ಊರಿನಿಂದ ಬಂತು, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಒಳಗಿಡಿರಿ. ಕರಾಮತ್‌ಗಳಿರುವ ಪುಟಗಳನ್ನು ಹರಿಯಬೇಡಿರಿ, ಅವುಗಳ ಅಂಚಿನಲ್ಲಿ ನಿಮ್ಮ ಅಭಿಪ್ರಾಯ ಬರೆಯಲೂ ಬೇಡಿರಿ.